ಇದ್ದವರು ಮತ್ತು ಬಂದವರು

ದೊಡ್ಡ ಊರೊಂದರ ಪೇಟೆಬೀದಿಯಲ್ಲಿ ಅರ್ಧ ಗಳಿಗೆ ನಿಂತು ಹೋಗಿಬರುವವರನ್ನು ನೋಡಿದರೆ ಸಾಕು, ಆ ಊರಿನಲ್ಲಿ ಇದ್ದವರು ಯಾರು, ಅಲ್ಲಿಗೆ ಬಂದವರು ಯಾರು ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡಬಹುದು. ಬಂದವರು ತಲೆಯೆತ್ತಿ ಗೋಪುರವನ್ನೋ ಗಡಿಯಾರದ ಕಂಬವನ್ನೋ ನೋಡುತ್ತಾರೆ; ಇದ್ದವರು ತಲೆತಗ್ಗಿಸಿ ತಮ್ಮ ಕೆಲಸದ ಕಡೆಗೆ ನಡೆಯುತ್ತಾರೆ. ಬಂದವರ ಉಡುಪಿನಲ್ಲಿ ಒಂದು ಸಿದ್ಧತೆ ಕಾಣುತ್ತದೆ. ಹಳ್ಳಿಯಿಂದ ಪೇಟೆಗೆ ಬಂದವನು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ಒಳ್ಳೆಯ ಅಂಗಿಯನ್ನು ತೊಟ್ಟು ಬಂದಿರುತ್ತಾನೆ. ಅದರ ಮಡಿಕೆಯ ಗೆರೆ ಇನ್ನೂ ಅಳಿಸಿರುವುದಿಲ್ಲ. ಪೇಟೆಯಿಂದ ಬೆಟ್ಟ ನೋಡಲು ಬಂದವನಾದರೋ ಮನೆಯಲ್ಲಿ ಹಿರಿಯರ ಮುಂದೆ ತೊಡಲು ಹಿಂಜರಿಯುವಂಥ ಸಡಿಲ ಉಡುಪಿನಲ್ಲಿ ಬಂದಿರುತ್ತಾನೆ. ಒಬ್ಬನು ಪರರ ಕಣ್ಣಿಗಾಗಿ ಉಟ್ಟವನು. ಇನ್ನೊಬ್ಬನು ಪರರ ಕಣ್ಣಿನಿಂದ ಬಿಡುಗಡೆ ದೊರೆಯಿತೆಂದು ಉಟ್ಟವನು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಇಬ್ಬರೂ ಬೇರೆಬೇರೆ ಬಗೆಯಲ್ಲಿ ನಿಜಮಾಡುತ್ತಾರೆ.

ಇದು ಹೊತ್ತು ಕಳೆಯುವ ಮಾತೆಂದು ಕೇಳುಗರಿಗೆ ತೋರಬಹುದು. ಆದರೆ ಉಡುಪೂ ನಡವಳಿಕೆಯೂ ಇತಿಹಾಸದ ಬಲವಾದ ಸಾಕ್ಷಿಗಳು. ಯಾರು ಯಾರ ಊರಿಗೆ ಬಂದರು, ಬಂದವರಂತೆ ಇದ್ದವರು ಉಟ್ಟರೋ, ಇದ್ದವರಂತೆ ಬಂದವರು ಉಟ್ಟರೋ ಎಂಬುದನ್ನು ನೋಡಿದರೆ ಅಧಿಕಾರ ಎಲ್ಲಿತ್ತು, ಗೌರವ ಎಲ್ಲಿತ್ತು ಎಂಬುದು ತಿಳಿಯುತ್ತದೆ. ಈ ಮಾತಿಗೆ ನಿದರ್ಶನವಾಗಿ ತುಮಕೂರು ಜಿಲ್ಲೆಯ ಉತ್ತರಭಾಗದ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇನೆ: ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. ಕಡಲೆಕಾಯಿ, ಹುಣಿಸೆ, ಕುರಿಮಂದೆ, ಬರಿದಾದ ಕೆರೆ, ಬೋಳುಬಂಡೆ, ಇವು ಆ ಹೆಸರುಗಳನ್ನು ಕೇಳಿದೊಡನೆ ಕಣ್ಣಮುಂದೆ ನಿಲ್ಲುವ ಚಿತ್ರಗಳು. ಇಲ್ಲಿಂದ ಜನ ಬೆಂಗಳೂರಿಗೆ ಹೋಗುತ್ತಾರೆಯೇ ಹೊರತು ದೊಡ್ಡ ಊರೆಂದು ಇಲ್ಲಿಗೆ ಯಾರು ಬಂದಾರು ಎಂದು ನಾವು ಭಾವಿಸುತ್ತೇವೆ. ಇತಿಹಾಸ ಬೇರೆಯ ಮಾತನ್ನು ಹೇಳುತ್ತದೆ.

ಶಿರಾದ ಕೋಟೆಯನ್ನು ಕಟ್ಟಲು ತೊಡಗಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಅದು ಮುಗಿಯುವ ಮೊದಲೇ, 1638ರಲ್ಲಿ, ವಿಜಾಪುರದ ಸೇನಾಪತಿ ರಣದುಲ್ಲಾಖಾನನ ದಂಡು ಊರನ್ನು ಹಿಡಿಯಿತು. ಅಲ್ಲಿಂದಾಚೆಗೆ ಬಂದ ಅಧಿಕಾರಿಗಳಲ್ಲಿ ಒಬ್ಬನಾದ ಮಲಿಕ್ ರಿಹಾನನ ಗೋರಿ 1651ರದು. ಅದು ಇಂದಿಗೂ ಶಿರಾದಲ್ಲಿ ನಿಂತಿದೆ. 1687ರಲ್ಲಿ ಔರಂಗಜೇಬನ ಸೇನಾಪತಿ ಖಾಸಿಂಖಾನ ಈ ಸೀಮೆಗೆ ಬಂದ. ಅದೇ ವರ್ಷ ಅವನ ಕೈಗೆ ಬೆಂಗಳೂರೂ ಸಿಕ್ಕಿತು. ಈ ಎರಡು ಊರುಗಳಲ್ಲಿ ಅವನು ತನಗೆಂದು ಉಳಿಸಿಕೊಂಡದ್ದು ಯಾವುದು? ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟು, ತುಂಗಭದ್ರೆಯ ದಕ್ಷಿಣದ ಮೊಗಲ್ ಸುಬಾಕ್ಕೆ ಶಿರಾವನ್ನು ರಾಜಧಾನಿಯಾಗಿ ಮಾಡಿಕೊಂಡ. ಬೆಂಗಳೂರು ಮಾರಾಟದ ಊರು, ಶಿರಾ ಇಟ್ಟುಕೊಳ್ಳಬೇಕಾದ ಊರು ಎಂಬುದು ಆ ಕಾಲದ ಎಣಿಕೆ.

ಮುಂದಿನ ಎಪ್ಪತ್ತು ವರ್ಷ ಶಿರಾ ಒಂದು ಮಹಾನಗರ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಈ ಸುಬಾಕ್ಕೆ ಸೇರಿದ್ದವು. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ ಮುಂತಾದ ಸಂಸ್ಥಾನಗಳೂ ಮೈಸೂರೂ ಅದಕ್ಕೆ ಕಪ್ಪ ಕೊಡಬೇಕಾದವುಗಳ ಪಟ್ಟಿಯಲ್ಲಿದ್ದವು. ಕೆತ್ತಿದ ಕಲ್ಲಿನ ಜಾಮಿಯಾ ಮಸೀದಿ 1696ರಲ್ಲಿ ಪೂರ್ಣವಾಯಿತು. ದಿಲಾವರ್‌ಖಾನನ ಕಾಲದಲ್ಲಿ, ಎಂದರೆ ಹದಿನೆಂಟನೆಯ ಶತಮಾನದ ನಡುವಿನಲ್ಲಿ, ಊರಿನಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಈ ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲ; ಐವತ್ತು ಸಾವಿರ ಎಂದು ಹೇಳಿಸಿಕೊಳ್ಳುವಷ್ಟು ದೊಡ್ಡ ಊರು ಎಂಬುದನ್ನು ನಂಬಿದರೆ ಸಾಕು.

ಇಂಥ ಊರಿಗೆ ಬರುವವರು ಯಾರು? ಕಪ್ಪಕಾಣಿಕೆ ತರುವ ಸಂಸ್ಥಾನಗಳ ವಕೀಲರು, ಕುದುರೆ ಮಾರುವವರು, ಬಟ್ಟೆಯ ವರ್ತಕರು, ಫಾರಸಿ ಬಲ್ಲ ಗುಮಾಸ್ತರು, ಸಂಬಳಕ್ಕಾಗಿ ಕತ್ತಿ ಹಿಡಿದವರು. ಮೊಗಲರ ಪದ್ಧತಿಯಲ್ಲಿ ಉಡುಪೇ ಒಂದು ಬಗೆಯ ಪರವಾನಗಿ. ಸೊಂಟದವರೆಗೆ ಬಿಗಿಯಾಗಿ, ಕೆಳಗೆ ನೆರಿಗೆನೆರಿಗೆಯಾಗಿ ಇಳಿಯುವ ಜಾಮಾ, ನಡುಕಟ್ಟು, ತಲೆಯ ಮೇಲೆ ಪಾಗು, ಇವಿಲ್ಲದೆ ದರ್ಬಾರಿನಲ್ಲಿ ಮುಖವಿಲ್ಲ. ಎಲ್ಲರೂ ಒಂದೇ ಜಾಮಾ ತೊಟ್ಟರೂ ಮುಸಲ್ಮಾನರು ಅದರ ಕಸೆಯನ್ನು ಬಲಗಡೆ ಕಟ್ಟುವುದು, ಹಿಂದೂಗಳು ಎಡಗಡೆ ಕಟ್ಟುವುದು ಮೊಗಲ್ ಆಸ್ಥಾನದ ರೂಢಿಯಾಗಿತ್ತು. ಎಷ್ಟು ಸೂಕ್ಷ್ಮವಾದ ವ್ಯವಸ್ಥೆ! ಉಡುಪು ಒಂದೇ, ಗಂಟು ಬೇರೆ. ಒಡೆಯನು ಮೆಚ್ಚಿದರೆ ಖಿಲ್ಲತ್ತು ಎಂಬ ಉಡುಪನ್ನೇ ಬಹುಮಾನವಾಗಿ ಹೊದಿಸುತ್ತಿದ್ದ. ಅದನ್ನು ಹೊದೆಯುವುದೆಂದರೆ ಅವನ ಒಡೆತನವನ್ನು ಒಪ್ಪಿಕೊಂಡಂತೆ. ದರ್ಬಾರಿನೊಳಗೆ ತಲೆಗೆ ಮುಚ್ಚಿಗೆ ಇರಬೇಕು, ಕಾಲಿಗೆ ಜೋಡು ಇರಕೂಡದು. ಈ ಮರ್ಯಾದೆ ತಿಳಿಯದವನು ಎಷ್ಟು ಹಣವಂತನಾದರೂ ಹೊಸಬನೇ.

ಹೀಗೆಂದ ಮಾತ್ರಕ್ಕೆ ಹೊರಗಿನ ಉಡುಪು ಈ ಸೀಮೆಗೆ ಮೊಗಲರೊಡನೆಯೇ ಮೊದಲು ಬಂತೆಂದು ಎಣಿಸಬಾರದು. ಮಧುಗಿರಿ, ಪಾವಗಡಗಳಿಗೆ ಹೆಚ್ಚು ದೂರವಲ್ಲದ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ನೋಡಿದವರು ಅಲ್ಲಿನ ಮಾಳಿಗೆಯ ಚಿತ್ರಗಳನ್ನು ಮರೆಯಲಾರರು. ವಿಜಯನಗರದ ಅಚ್ಯುತರಾಯನ ಕಾಲದ ಆ ಚಿತ್ರಗಳಲ್ಲಿ ಗಣ್ಯರು ಎತ್ತರವಾದ, ತುದಿ ಮೊನೆಯಾದ ಟೋಪಿಗಳನ್ನು ಧರಿಸಿದ್ದಾರೆ. ಉದ್ದನೆಯ ನಿಲುವಂಗಿಗಳನ್ನು ತೊಟ್ಟಿದ್ದಾರೆ. ಟೋಪಿಗೆ ಕುಲಾಯಿ ಎಂದೂ ನಿಲುವಂಗಿಗೆ ಕಬಾಯಿ ಎಂದೂ ಹೆಸರು. ಮೊದಲನೆಯದು ಫಾರಸಿಯ ಕುಲಾಹ್, ಎರಡನೆಯದು ಅರಬಿಯ ಕಬಾ. ಸುಲ್ತಾನರೊಡನೆ ಕಾದಾಡುತ್ತಿದ್ದ ಅರಸರೇ ಸುಲ್ತಾನರ ಆಸ್ಥಾನದ ಉಡುಪನ್ನು ತೊಟ್ಟಿದ್ದರು. ದೂರದೇಶದ ರಾಯಭಾರಿಗಳ ನಡುವೆ ಅದು ದೊಡ್ಡವರ ಉಡುಪೆಂದು ಮಾನ್ಯವಾಗಿತ್ತು. ದೊಡ್ಡವರು ದೊಡ್ಡವರಂತೆ ಕಾಣಬೇಕಾಗಿತ್ತು. ಅದೇ ಅರಸನು ದೇವರ ಮುಂದೆ ನಿಲ್ಲುವಾಗ ಏನು ಮಾಡುತ್ತಿದ್ದ? ತಿರುಮಲೆಯಲ್ಲಿ ಕೈಮುಗಿದು ನಿಂತ ಕೃಷ್ಣದೇವರಾಯನ ವಿಗ್ರಹವನ್ನು ನೆನೆಯಿರಿ. ತಲೆಯ ಮೇಲೆ ಕುಲಾಯಿ ಇದೆ, ಮೈಮೇಲೆ ಕಬಾಯಿ ಇಲ್ಲ. ಬರಿಯ ಎದೆ, ಸೊಂಟಕ್ಕೆ ಪಂಚೆ. ಅರ್ಧ ಲೋಕದವನು, ಅರ್ಧ ಊರಿನವನು. ಪೇಟೆಗೊಂದು ಉಡುಪು, ಮನೆಗೊಂದು ಉಡುಪು ಎಂಬ ನಮ್ಮ ಇಂದಿನ ಅಭ್ಯಾಸಕ್ಕೆ ಅಷ್ಟು ಹಳೆಯ ವಂಶಾವಳಿ ಉಂಟು.

ಈ ಕುಲಾಯಿ ಮುಂದೆ ಏನಾಯಿತು ಎಂಬುದು ಸ್ವಾರಸ್ಯದ ಸಂಗತಿ. ರಾಜ್ಯ ಅಳಿಯಿತು, ಆಸ್ಥಾನ ಅಳಿಯಿತು, ಆ ಟೋಪಿ ಗಣ್ಯರ ತಲೆಯಿಂದ ಇಳಿಯಿತು. ಆದರೆ ಮಾತು ಅಳಿಯಲಿಲ್ಲ. ತೊಟ್ಟಿಲ ಮಗುವಿಗೆ ಕಿವಿ ಮುಚ್ಚುವಂತೆ ಕಟ್ಟುವ ಟೋಪಿಗೆ ನಮ್ಮ ಅಜ್ಜಿಯರು ಕುಲಾವಿ ಎಂದರು. ಒಂದು ಕಾಲದಲ್ಲಿ ರಾಯಭಾರಿಗಳ ಮುಂದೆ ಅರಸನ ಘನತೆಯನ್ನು ಸಾರಿದ ಟೋಪಿ ಈಗ ಶೀತಗಾಳಿಯಿಂದ ಹಸುಗೂಸನ್ನು ಕಾಯುತ್ತದೆ. ಅದರ ಗೌರವ ಕಡಿಮೆಯಾಯಿತೋ ಹೆಚ್ಚಾಯಿತೋ ನೀವೇ ಹೇಳಿ.

ಇಲ್ಲಿ ಒಂದು ಮುಖ್ಯ ವಿಚಾರವಿದೆ. ಬಂದವರು ಇದ್ದವರನ್ನು ಕಂಡು ಪುಸ್ತಕ ಬರೆಯುತ್ತಾರೆ. ಇದ್ದವರು ಬಂದವರನ್ನು ಕಂಡು ಪುಸ್ತಕ ಬರೆಯುವುದಿಲ್ಲ. ಅವರು ಮಾತನ್ನು ಇಟ್ಟುಕೊಳ್ಳುತ್ತಾರೆ. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ವಿಜಯನಗರವನ್ನು ನೋಡಿ ಅರಸನ ಹೊನ್ನಿನ ಹೂಗಳ ಬಿಳಿಯ ಬಟ್ಟೆಯನ್ನೂ ಕಮಖಾಬಿನ ಟೋಪಿಯನ್ನೂ ಬರೆದಿಟ್ಟ. ಜನರಲ್ಲಿ ಹೆಚ್ಚಿನವರು ಬರಿಗಾಲಿನವರೆಂಬುದನ್ನೂ ಬರೆದಿಟ್ಟ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿಗಳಿಗೂ ಬಂದ. ಅವನು ವೈದ್ಯ, ಸಸ್ಯಶಾಸ್ತ್ರಜ್ಞ. ಬೆಳೆ, ದನ, ಕುರಿ, ಕಂಬಳಿ, ಕರಿಮರಳಿನಿಂದ ಕಬ್ಬಿಣ ತೆಗೆಯುವ ಕುಲುಮೆ, ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಹಿರಿಯರ ದಿನದ ಬಾಳಿನ ಬಗೆಗೆ ತಿಳಿಯಬೇಕಾದರೆ ನಾವು ಇಂದಿಗೂ ಆ ಪರದೇಶದವನ ಬಾಗಿಲಿಗೆ ಹೋಗಬೇಕು. ಇದ್ದವನಿಗೆ ತನ್ನ ಕಂಬಳಿ ವರ್ಣಿಸಬೇಕಾದ ವಸ್ತುವೆಂದು ಎಂದೂ ತೋರಲಿಲ್ಲ.

ಇದ್ದವರ ಸಾಕ್ಷ್ಯ ಇರುವುದು ಭಾಷೆಯಲ್ಲಿ. ನಾಲ್ಕು ತಾಲ್ಲೂಕುಗಳೆಂದು ಮೊದಲಿಗೆ ಹೇಳಿದೆನಷ್ಟೆ. ತಾಲ್ಲೂಕು ಎಂಬ ಮಾತೇ ಬಂದವರದು. ಪೋಷಾಕು, ಶಾಲು, ಪಾಯಿಜಾಮ, ರುಮಾಲು ಎಲ್ಲವೂ ಹಾಗೆಯೇ. ಫಾರಸಿಯಲ್ಲಿ ರುಮಾಲು ಎಂದರೆ ಮುಖ ಒರೆಸುವ ಬಟ್ಟೆ. ನಮ್ಮವರು ಅದನ್ನು ತಲೆಗೇರಿಸಿ ಮುಂಡಾಸು ಮಾಡಿದರು. ಪದ ಬಂದದ್ದು ಪರಸ್ಥಳದಿಂದ, ಪದವಿ ಕೊಟ್ಟದ್ದು ಇಲ್ಲಿ. ಉಡುಪಿಗಿಂತಲೂ ನಡವಳಿಕೆಯ ಮಾತುಗಳು ಇನ್ನೂ ಸ್ವಾರಸ್ಯವಾಗಿವೆ. ಷೋಕಿ, ಮಿಜಾಜು, ದೌಲತ್ತು, ದರ್ಬಾರು ಇವೆಲ್ಲ ಮೂಲದಲ್ಲಿ ಒಳ್ಳೆಯ ಅಥವಾ ಸಾಧಾರಣವಾದ ಅರ್ಥದವು: ಆಸೆ, ಸ್ವಭಾವ, ಸಂಪತ್ತು, ಆಸ್ಥಾನ. ಹಳ್ಳಿಯ ಕನ್ನಡದಲ್ಲಿ ಅವಕ್ಕೆ ಬಂದ ಅರ್ಥವೇ ಬೇರೆ. ಅವನ ಷೋಕಿ ನೋಡು, ಅವಳ ಮಿಜಾಜು ನೋಡು, ದೌಲತ್ತು ತೋರಿಸಬೇಡ, ಏನು ದರ್ಬಾರು ಮಾಡುತ್ತೀಯ! ಕುದುರೆಯ ಮೇಲೆ ಬಂದವನನ್ನು ಎದುರಿಗೆ ಏನೂ ಅನ್ನಲಾರದೆ ಬದಿಗೆ ಸರಿದು ನಿಂತ ಜನ, ಅವನು ಹೋದ ಮೇಲೆ ಆಡಿಕೊಂಡ ಮಾತುಗಳು ಇವು. ಈ ಮಾತುಗಳೆಲ್ಲ ಶಿರಾದ ದಾರಿಯಿಂದಲೇ ಬಂದುವೆಂದು ನಾನು ಹೇಳುವುದಿಲ್ಲ. ವಿಜಾಪುರ, ಮರಾಠರ ದಂಡು, ಶ್ರೀರಂಗಪಟ್ಟಣ ಎಲ್ಲ ದಾರಿಗಳಿಂದಲೂ ಬಂದಿವೆ. ಶಿರಾ ಅವುಗಳಲ್ಲಿ ಒಂದು ಹೆದ್ದಾರಿ.

ಹಾಗಾದರೆ ಇದ್ದವನ ಉಡುಪು ಯಾವುದು? ಶಿರಾ ಸೀಮೆಯಲ್ಲಿ ಅದಕ್ಕೆ ಒಂದೇ ಉತ್ತರ: ಕಂಬಳಿ. ಕುರುಬರು ತಮ್ಮ ಕುರಿಗಳ ಉಣ್ಣೆಯಿಂದಲೇ ನೂತು ನೆಯ್ದ ಕರಿಯ ಕಂಬಳಿ. ಮೊಗಲರ ವೈಭವವೆಲ್ಲ ಮುಗಿದ ಮೇಲೆ ಬರೆದ ಗೆಜೆಟಿಯರುಗಳು ಶಿರಾದ ಮುಖ್ಯ ಕಸುಬಾಗಿ ಕಂಡದ್ದು ಕಂಬಳಿ ನೇಯ್ಗೆಯನ್ನೇ. ಸುಬೇದಾರರು ಬರುವ ಮೊದಲೂ ಅದಿತ್ತು, ಅವರು ಹೋದ ಮೇಲೂ ಅದೇ ಉಳಿಯಿತು. ಮಳೆ ಬಂದರೆ ಅದು ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿ ಹಾಸಿಗೆ, ಸಂತೆಯಲ್ಲಿ ಚೀಲ, ನ್ಯಾಯ ಹೇಳುವ ಹಿರಿಯನಿಗೆ ಗದ್ದುಗೆ. ಜಾಮಾದ ಕಸೆ ಎಡಕ್ಕೋ ಬಲಕ್ಕೋ ಎಂದು ಕೇಳುವ ಹಾಗೆ ಕಂಬಳಿಯನ್ನು ಕೇಳಲಾಗದು. ಅದಕ್ಕೆ ಕಸೆಯೇ ಇಲ್ಲ. ಅದನ್ನು ಹೊದ್ದವನು ದರ್ಬಾರಿನ ಬಾಗಿಲ ಹೊರಗೇ ನಿಲ್ಲಬೇಕಾದವನು. ಆದರೆ ಅವನು ಕಾದ ಕುರಿಯಿಲ್ಲದೆ, ಅವನು ಉತ್ತ ಹೊಲವಿಲ್ಲದೆ ಬಾಗಿಲೊಳಗಿನ ಊಟ ಒಂದು ದಿನವೂ ನಡೆಯುತ್ತಿರಲಿಲ್ಲ.

ಶಿರಾಕ್ಕೆ ಅಧಿಕಾರಿಗಳು ಬಂದರೆ ಮಧುಗಿರಿಗೆ ಬಂದವರು ದಂಡಿನವರು. 3,930 ಅಡಿ ಎತ್ತರದ ಆ ಒಂಟಿಬಂಡೆಯ ಮೇಲಿನ ಕೋಟೆ ಎಲ್ಲ ಸೇನಾಪತಿಗಳ ಕಣ್ಣನ್ನೂ ಸೆಳೆಯಿತು. ಊರಿನ ಮಾರಮ್ಮನಿಗೆ ದಂಡಿನ ಮಾರಮ್ಮ ಎಂದು ಹೆಸರು. ದೇವತೆಯ ಹೆಸರಿನಲ್ಲಿಯೇ ದಂಡು ಸೇರಿಕೊಂಡಿದೆ. ಬಂದವರೆಲ್ಲ ತಾವಾಗಿ ಬಂದವರಲ್ಲವೆಂಬುದಕ್ಕೂ ಇದೇ ಬೆಟ್ಟ ಸಾಕ್ಷಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇಲ್ಲಿ. ಮಲೆನಾಡಿನ ಮಳೆ, ಅಡಕೆಯ ತೋಟ, ಅರಮನೆ ಎಲ್ಲವನ್ನೂ ಬಿಟ್ಟು ಬಂದ ಆ ತಾಯಿ ಈ ಬಯಲಿನ ಬಿಸಿಲನ್ನು ಕೋಟೆಯ ಮೇಲಿಂದ ನೋಡಿರಬೇಕು. 1767ರಲ್ಲಿ ಮರಾಠರು ಅವಳನ್ನು ಬಿಡಿಸಿದರು; ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು. ಪರದೇಶಿ ಎಂಬ ಮಾತಿಗೆ ಸಂಸ್ಕೃತದಲ್ಲಿ ಬೇರೆ ದೇಶದವನು ಎಂದಷ್ಟೇ ಅರ್ಥ. ಕನ್ನಡದಲ್ಲಿ ದಿಕ್ಕಿಲ್ಲದವನು ಎಂಬ ಅರ್ಥ ಬಂದದ್ದು ಸುಮ್ಮನೆ ಅಲ್ಲ. ಬಂದವನ ಬಗೆಗೆ ನಮ್ಮ ಜನಕ್ಕೆ ನಗೆಯಷ್ಟೇ ಅಲ್ಲ, ಕನಿಕರವೂ ಇತ್ತು ಎಂಬುದಕ್ಕೆ ಆ ಒಂದು ಪದವೇ ಆಧಾರ.

ಇನ್ನು ನಗರವೇ ಊರು ಬಿಟ್ಟು ಹೋದ ಕಥೆ. 1757ರಲ್ಲಿ ಮರಾಠರು ಶಿರಾವನ್ನು ಹಿಡಿದರು. ಎರಡು ವರ್ಷದ ಮೇಲೆ ಅದು ಅವರ ಕೈತಪ್ಪಿತು. 1761ರಲ್ಲಿ ಹೈದರಾಲಿ ಬಸಾಲತ್ ಜಂಗನಿಗೆ ಮೂರು ಲಕ್ಷ ರೂಪಾಯಿ ಕಾಣಿಕೆ ಒಪ್ಪಿಸಿ ಶಿರಾದ ನವಾಬನೆಂಬ ಪದವಿಯನ್ನು ಪಡೆದ. ಎಪ್ಪತ್ತನಾಲ್ಕು ವರ್ಷಗಳ ಹಿಂದೆ ಬೆಂಗಳೂರಿಗೆ ಬಿದ್ದ ಬೆಲೆಯೇ ಈಗ ಶಿರಾದ ಬಿರುದಿಗೆ! ಹೈದರನಾದರೋ ಶಿರಾದಲ್ಲಿ ನೆಲೆಸಲಿಲ್ಲ. ಶಿರಾದಲ್ಲಿ ಕಂಡದ್ದನ್ನು ಬೇರೆ ಕಡೆಗೆ ಕೊಂಡೊಯ್ದ. ದಿಲಾವರ್‌ಖಾನನ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುತ್ತಾರೆ. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಮೊಗಲ್ ತೋಟವೇ ಮೇಲ್ಪಂಕ್ತಿಯೆಂಬ ಮಾತೂ ಬಹುಕಾಲದಿಂದ ನಡೆದುಬಂದಿದೆ. ಕೊನೆಗೆ ಟಿಪ್ಪು ಶ್ರೀರಂಗಪಟ್ಟಣದ ಬಳಿ ಶಹರ್ ಗಂಜಾಮನ್ನು ಕಟ್ಟಿದಾಗ ಶಿರಾದಿಂದ ಹನ್ನೆರಡು ಸಾವಿರ ಮನೆತನಗಳನ್ನು ಬಲವಂತವಾಗಿ ಅಲ್ಲಿಗೆ ಸಾಗಿಸಿದನೆಂದು ಗೆಜೆಟಿಯರಿನ ಹೇಳಿಕೆ. ಹೋದವರು ಕುಶಲ ಕೆಲಸದವರೂ ವರ್ತಕರೂ ಆಗಿದ್ದರೆ ಉಳಿದವರು ಯಾರೆಂದು ಊಹಿಸಬಹುದು. ಅರಮನೆ ಅಳಿಯಿತು, ತೋಟ ಒಣಗಿತು, ಕಂಬಳಿ ಉಳಿಯಿತು. ಒಂದು ತಲೆಮಾರಿನೊಳಗೆ ಶಿರಾದವನು ನಗರದವನಾಗಿದ್ದುದು ಹೋಗಿ ನಗರಕ್ಕೆ ಬರುವವನಾದ.

ಅವನು ಬಂದ ಬೆಂಗಳೂರಿನಲ್ಲಿ 1809ರಿಂದ ಎರಡು ಊರುಗಳು. ಒಂದು ಪೇಟೆ, ಇನ್ನೊಂದು ಇಂಗ್ಲಿಷರ ದಂಡು. ದಂಡು ಎಂಬ ಹೆಸರು ರೈಲು ನಿಲ್ದಾಣದ ಫಲಕದ ಮೇಲೆ ಇಂದೂ ಉಳಿದಿದೆ. ದಂಡಿನ ಮರ್ಯಾದೆ ಪೇಟೆಯದಕ್ಕೆ ನೇರ ತಿರುಗುಮುರುಗು. ನಮ್ಮಲ್ಲಿ ತಲೆ ಮುಚ್ಚಿ ಕಾಲು ಬರಿದು ಮಾಡಿದರೆ ವಿನಯ; ಅವರಲ್ಲಿ ತಲೆ ಬರಿದು ಮಾಡಿ ಕಾಲಿಗೆ ಜೋಡಿದ್ದರೆ ವಿನಯ. ಇಬ್ಬರೂ ಪರಸ್ಪರ ನಮಸ್ಕರಿಸಿದರೆ ಇಬ್ಬರಿಗೂ ಅವಮಾನವಾಗುವಂಥ ಪರಿಸ್ಥಿತಿ! ಮೈಸೂರಿನ ದಸರಾದಲ್ಲಿ ಯೂರೋಪಿಯನ್ನರಿಗೆಂದು ಬೇರೆಯೇ ಒಂದು ದಿನದ ದರ್ಬಾರು ಏರ್ಪಟ್ಟದ್ದು ಇಂಥ ತೊಡಕಿನ ನಡುವೆಯೇ. ನಮ್ಮ ಜನ ಈ ಬಂದವರನ್ನೂ ಭಾಷೆಯಲ್ಲಿ ದಾಖಲು ಮಾಡಿದರು. ಹ್ಯಾಟಿನವರು ಟೋಪಿಯವರಾದರು, ಟೋಪಿ ಹಾಕುವುದೆಂದರೆ ಮೋಸಮಾಡುವುದೆಂದು ಅರ್ಥವಾಯಿತು. ಎರಡಕ್ಕೂ ನಂಟು ಇದೆಯೋ ಇಲ್ಲವೋ, ಒಂದನ್ನು ಆಡುವಾಗ ಇನ್ನೊಂದು ನೆನಪಾಗದೆ ಇರುವುದಿಲ್ಲ. ಈ ಎರಡರ ನಡುವೆ ಮೈಸೂರು ಸಂಸ್ಥಾನ ತನ್ನದೇ ಒಂದು ಸಂಧಿಯನ್ನು ಕಂಡುಕೊಂಡಿತು: ಕೆಳಗೆ ಕಚ್ಚೆಪಂಚೆ, ಮೇಲೆ ಕರಿಯ ಕೋಟು, ತಲೆಗೆ ಜರತಾರಿ ಪೇಟ. ಅಮಲ್ದಾರರಿಂದ ಶಾಲಾ ಉಪಾಧ್ಯಾಯರವರೆಗೆ ಎಲ್ಲರೂ ಹಾಗೆಯೇ ಇದ್ದರು. ಕೃಷ್ಣದೇವರಾಯನ ವಿಗ್ರಹದಲ್ಲಿ ಕಂಡ ಅರ್ಧ ಲೋಕ, ಅರ್ಧ ಊರಿನ ರೀತಿಯೇ ಇದು.

ಈಗ ಬಂಡಿ ಮತ್ತೆ ತಿರುಗಿದೆ. ಬೆಂಗಳೂರಿನ ತರುಣರು ಬೆಳಗಿನ ಜಾವಕ್ಕೇ ಮಧುಗಿರಿಯ ಬುಡಕ್ಕೆ ಬಂದಿಳಿಯುತ್ತಾರೆ. ಬೆನ್ನಿಗೆ ಚೀಲ, ಕಾಲಿಗೆ ಹಿಡಿತದ ಬೂಟು, ಮೊಣಕಾಲು ಕಾಣುವ ಚಡ್ಡಿ. ಊರಿನವನು ಬೆಟ್ಟವನ್ನು ನೋಡುವುದು ಅದರ ತಲೆಗೆ ಮೋಡ ಕಟ್ಟಿದೆಯೇ ಎಂದು ತಿಳಿಯಲು. ಇವರು ನೋಡುವುದು ಅದರ ತಲೆಯ ಮೇಲೆ ತಾವು ನಿಲ್ಲಲು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿಯ ಸನ್ನಿಧಿಗೆ ಬರುವವರ ರೀತಿ ಬೇರೆ. ಅದೇ ಬೆಂಗಳೂರಿನವರು, ಆದರೆ ರೇಷ್ಮೆಸೀರೆ, ಮಡಿಪಂಚೆ, ಕೈಯಲ್ಲಿ ಹಣ್ಣುಕಾಯಿ. ಪಾವಗಡದ ಶನಿಮಹಾತ್ಮನ ಗುಡಿಗೆ ಬರುವವರಲ್ಲಿ ಆಂಧ್ರದ ಕಡೆಯವರೂ ಉಂಟು. ಮೂರು ಮಗ್ಗುಲಿಗೂ ಆಂಧ್ರವೇ ಇರುವ ಆ ತಾಲ್ಲೂಕಿನಲ್ಲಿ ತೆಲುಗು ಆಡುವವನು ಬಂದವನೋ ಇದ್ದವನೋ ಎಂದು ಕೇಳುವುದೇ ಅಸಂಗತ; ಅಲ್ಲಿ ಒಂದೇ ಮನೆಯಲ್ಲಿ ಎರಡು ಭಾಷೆಗಳು ಬಾಳುವೆ ಮಾಡುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗಂತೂ ಬಣ್ಣದ ಕೊಕ್ಕರೆಗಳೇ ಬರುತ್ತವೆ. ಹುಣಿಸೆಮರಗಳಲ್ಲಿ ಗೂಡು ಕಟ್ಟಿ, ಮರಿಮಾಡಿ, ಹಾರಿಹೋಗುತ್ತವೆ. ಊರಿನವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಉಡುಪು ಬದಲಿಸದೆ ಬರುವ ಅತಿಥಿಗಳು ಅವು ಮಾತ್ರ ಇರಬೇಕು.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2018ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಉದ್ಯಾನವನ್ನೂ ಇಲ್ಲಿ ನೆನೆಯಬೇಕು. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವ್ಯಾಟ್ ಸಾಮರ್ಥ್ಯದ ಆ ಸ್ಥಾವರಕ್ಕೆ ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಎಂಜಿನಿಯರುಗಳು ಶಿರಸ್ತ್ರಾಣ, ಹೊಳೆಯುವ ನಡುವಂಗಿ ತೊಟ್ಟು ಬಂದರು. ಊರಿನ ಕೆಲವರು ಕಾವಲುಗಾರರಾಗಿ ಸಮವಸ್ತ್ರ ತೊಟ್ಟರು. ತಮ್ಮ ಸೀಮೆಯ ನೆಲದ ಬಾಗಿಲಲ್ಲೇ ನಿಂತು, ನೀವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವ ಕೆಲಸ ಅವರದು. ಬಿಸಿಲಿಗೆ ಬೆಲೆ ಬಂದ ಮೇಲೆ ಕಂಬಳಿಯ ಜಾಗಕ್ಕೆ ಸಮವಸ್ತ್ರ ಬಂತು.

ಬಾಗಿಲಿನ ಮಾತು ಬಂದದ್ದರಿಂದ ನಮ್ಮ ಕಾಲದ ಒಂದು ಘಟನೆಯನ್ನು ಹೇಳಲೇಬೇಕು. 2024ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನೊಡನೆ ಸಿನಿಮಾ ನೋಡಲು ಬೆಂಗಳೂರಿನ ಮಾಲ್ ಒಂದಕ್ಕೆ ಹೋದರು. ಬಿಳಿಯ ಅಂಗಿ, ಪಂಚೆ, ತಲೆಗೆ ರುಮಾಲು. ಪಂಚೆ ಉಟ್ಟವರಿಗೆ ಪ್ರವೇಶವಿಲ್ಲವೆಂದು ಬಾಗಿಲಲ್ಲೇ ಅವರನ್ನು ತಡೆದರು. ಸುದ್ದಿ ನಾಡೆಲ್ಲ ಹಬ್ಬಿತು, ಶಾಸನಸಭೆಯಲ್ಲಿ ಚರ್ಚೆಯಾಯಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸಾರಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮೆಟ್ರೊ ನಿಲ್ದಾಣವೊಂದರಲ್ಲಿಯೂ ರೈತರೊಬ್ಬರನ್ನು ಉಡುಪಿನ ಕಾರಣಕ್ಕೆ ತಡೆದದ್ದು ಬಯಲಾಗಿತ್ತು. ಪಂಚೆ ಉಟ್ಟವರು ಮುಖ್ಯಮಂತ್ರಿಗಳಾಗಿ ವಿಧಾನಸೌಧದಲ್ಲಿ ಕುಳಿತ ನಾಡಿನಲ್ಲಿ ಹೀಗಾಯಿತಲ್ಲ ಎಂದು ಅನೇಕರು ಬೆರಗಾದರು. ಬೆರಗಿಗೆ ಕಾರಣವಿಲ್ಲ. ಶಿರಾದ ದರ್ಬಾರಿನ ಬಾಗಿಲಿಗೂ ಈ ಬಾಗಿಲಿಗೂ ನಡುವೆ ಮುನ್ನೂರು ವರ್ಷಗಳಿವೆ, ಅಷ್ಟೆ. ಅಲ್ಲಿ ಜಾಮಾ ಕೇಳುತ್ತಿದ್ದರು, ಇಲ್ಲಿ ಷರಾಯಿ ಕೇಳಿದರು. ಬೇರೆಯಾದದ್ದು ಇಷ್ಟೇ: ಶಿರಾದ ಸುಬೇದಾರ ದೂರದೇಶದಿಂದ ಬಂದವನು, ಇಂದು ನಗರದ ಬಾಗಿಲುಗಳಲ್ಲಿ ನಿಂತು ಹಳ್ಳಿಯವನನ್ನು ಅಳೆಯುವವರಲ್ಲಿ ಬಹುಮಂದಿ ನಿನ್ನೆ ಮೊನ್ನೆ ಹಳ್ಳಿಯಿಂದಲೇ ಬಂದವರು. ಅಪ್ಪಣೆ ಕೊಡುವವರು ಒಳಗಿರುತ್ತಾರೆ. ಅಪ್ಪನಂಥವನನ್ನು ತಡೆಯುವ ಪಾಪ ಹೊರಗೆ ನಿಂತ ಮಗನ ಪಾಲಿಗೆ ಬರುತ್ತದೆ.

ಉಡುಪನ್ನು ಗುರುತಾಗಿ ಬಳಸುವುದನ್ನು ಯಾರೂ ತಪ್ಪಿಸಲಾರರು. ತುರ್ಕಿಯಲ್ಲಿ 1925ರಲ್ಲಿ ಶಾಸನದಿಂದಲೇ ಹಳೆಯ ಟೋಪಿಯನ್ನು ತೆಗೆಸಿ ಹ್ಯಾಟನ್ನು ಇಡಿಸಿದರು. ತಲೆಯ ಮೇಲಿನದು ಬದಲಾದರೆ ತಲೆಯೊಳಗಿನದೂ ಬದಲಾಗುತ್ತದೆಂಬ ನಂಬಿಕೆ ಅದರ ಹಿಂದಿತ್ತು. ಆದರೆ ಗುರುತು ಬೇರೆ, ಬಾಗಿಲು ಬೇರೆ. ಬಂದವನನ್ನು ಉಡುಪಿನಿಂದ ಗುರುತಿಸಿ ಯಾವೂರು, ಉಂಡಿರಾ ಎಂದು ಕೇಳುವುದು ಒಂದು ಬಗೆ. ಗುರುತಿಸಿ ಹೊರಗೆ ನಿಲ್ಲಿಸುವುದು ಇನ್ನೊಂದು ಬಗೆ. ನಮ್ಮ ಹಳ್ಳಿಗಳು ಪ್ರಶ್ನೆಯನ್ನೇನೋ ಬಹಳವಾಗಿ ಕೇಳುತ್ತವೆ. ನಗರದವರಿಗೆ ಅದು ಅಧಿಕಪ್ರಸಂಗವೆಂದು ತೋರುತ್ತದೆ. ಆದರೂ ಕೇಳಿದವನು ಉತ್ತರಕ್ಕೆ ಕಾಯುತ್ತಾನೆ, ಕಾಯುವಷ್ಟು ಹೊತ್ತು ಕೂರಿಸುತ್ತಾನೆ. ಆ ಹಳ್ಳಿಗಳೂ ಎಲ್ಲರನ್ನೂ ಒಂದೇ ಜಗಲಿಯ ಮೇಲೆ ಕೂರಿಸಲಿಲ್ಲ ಎಂಬುದನ್ನು ಮರೆಯಬಾರದು. ಬಾಗಿಲ ಹೊರಗೆ ನಿಲ್ಲಿಸುವ ವಿದ್ಯೆಯನ್ನು ನಗರ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ.

ಕನ್ನಡದಲ್ಲಿ ಕೊಡುಗೆಗೆ ಉಡುಗೊರೆ ಎಂಬ ಹೆಸರಿದೆ. ಉಡು ಎಂಬ ಧಾತು ಅದರೊಳಗೇ ಕುಳಿತಿದೆ. ಮೊದಲಿಗೆ ಅದು ಬಟ್ಟೆಯ ಕೊಡುಗೆಯೇ. ಮನೆಗೆ ಬಂದ ನೆಂಟರಿಗೆ ಬಟ್ಟೆ ಕೊಡುವುದು, ಬೀಗರಿಗೆ ಉಡುಗೊರೆ ಮಾಡುವುದು, ಹೆಣ್ಣುಮಕ್ಕಳನ್ನು ಕುಪ್ಪಸದ ಕಣವಿಲ್ಲದೆ ಕಳುಹಿಸದಿರುವುದು, ಇವೆಲ್ಲ ಬಂದವರನ್ನು ಇದ್ದವರಾಗಿ ಮಾಡಿಕೊಳ್ಳುವ ರೀತಿಗಳು. ಊರೂರಿನ ಸಭೆಗಳಲ್ಲಿ ಅತಿಥಿಗಳಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಾರ ಹಾಕುತ್ತೇವೆ. ಶಾಲು ಎಂಬ ಮಾತು ಫಾರಸಿಯದು. ಹೊದಿಸುವ ರೀತಿಯಲ್ಲಿ ಖಿಲ್ಲತ್ತಿನ ನೆನಪಿದೆ. ಪೇಟವಾದರೋ ಒಂದು ಕಾಲದಲ್ಲಿ ಊರಿನವರ ದಿನದ ಉಡುಪು. ಈಗ ಊರಿನವರು ಯಾರೂ ಅದನ್ನು ತೊಡುವುದಿಲ್ಲ. ಬಂದವರ ತಲೆಯ ಮೇಲೆ ಮಾತ್ರ ಅದು ಕಾಣುತ್ತದೆ. ಇದ್ದವರ ಉಡುಪು ಬಂದವರಿಗೆ ಸಲ್ಲುವ ಮರ್ಯಾದೆಯಾಗಿ ಉಳಿದಿದೆ. ಒಂದು ಉಡುಪಿಗೆ ಇದಕ್ಕಿಂತ ಒಳ್ಳೆಯ ಮುಪ್ಪು ಬೇರೆ ಇರಲಾರದು.

ಶಿರಾದ ಸುಬೇದಾರರು ಖಿಲ್ಲತ್ತನ್ನೂ ಹೊದಿಸಿದರು, ಬಾಗಿಲನ್ನೂ ಮುಚ್ಚಿದರು. ಅವರ ಅರಮನೆ ಇಂದಿಲ್ಲ. ಅವರ ತೋಟದ ನೆನಪು ಬೆಂಗಳೂರಿನಲ್ಲಿದೆ, ಅವರ ಮಾತುಗಳು ನಮ್ಮ ಬಾಯಲ್ಲಿವೆ. ಲಾಲ್‌ಬಾಗಿನಲ್ಲಿ ತಿರುಗಾಡಲು ಬಂದ ಶಿರಾದ ಕುರುಬನೊಬ್ಬನು ಕಂಬಳಿ ಹೊದ್ದು ಕಲ್ಲುಬೆಂಚಿನ ಮೇಲೆ ಕುಳಿತರೆ ಅವನನ್ನು ಬಂದವನೆಂದು ಕರೆಯುವ ಮೊದಲು ನಾವು ಸ್ವಲ್ಪ ಯೋಚಿಸಬೇಕು. ಆ ತೋಟದ ಮೊದಲ ಗೆರೆಗಳು ಅವನ ಊರಿನಿಂದ ಬಂದವೆಂದು ಮಾತಿದೆ.